ದೇಸಾಯರ ವಾಡೆಯ ಮುಚ್ಚಿದ ಅಗಸಿ

ಒಂದು ಉದ್ದನೆಯ ಬಿದಿರ ಗಳ. ಅದರ ಒಂದು ತುದಿ ನನ್ನ ಹೆಗಲ ಮೇಲೆ, ಇನ್ನೊಂದು ತುದಿ ನಮ್ಮ ಮೌಲಾಸಾಬ ಮೇಸ್ತ್ರಿಯ ಹೆಗಲ ಮೇಲೆ. ನಡುವೆ ಕೋಟೆಯ ಬಾಗಿಲು. ಬಾಗಿಲು ದಾಟಿದ ಕೂಡಲೇ ಕಲ್ಲುಗೋಡೆಗಳ ನಡುವೆ ಒಂದು ತಿರುವು. ಆ ತಿರುವಿನಲ್ಲಿ ಗಳ ಸಿಕ್ಕಿಕೊಂಡಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

"ಎಡಕ್ಕ ಒತ್ತರ್ರೀ ಸಾವ್ಕಾರ್ರ!" ಹೊರಗಿನಿಂದ ಮೌಲಾಸಾಬ ಕೂಗಿದ.

"ಯಾರ ಎಡಕ್ಕೋ? ನಿನ್ನ ಎಡಕ್ಕೋ, ನನ್ನ ಎಡಕ್ಕೋ?"

"ನಿಮ್ಮ ಎಡಕ್ರಿ. ನನ್ನ ಎಡಕ್ಕ ಗ್ವಾಡಿ ಐತಿ."

"ಇಲ್ಲೂ ಗ್ವಾಡೀನ ಐತಿ ಮಾರಾಯ!"

ಅಷ್ಟರಲ್ಲಿ ಹೊರಗಿನಿಂದ ಇನ್ನೊಂದು ದನಿ. ಹೆಣ್ಣುದನಿ. ಶಾಲೆಯಲ್ಲಿ ಗದ್ದಲ ಅಡಗಿಸಿ ರೂಢಿಯಾದ ದನಿ. "ಯಾರ್ರೀ ಅದು, ನಮ್ಮ ಬಾಗಲದಾಗ ಗಳ ತುರುಕಿದವ್ರು? ನಾ ಮನ್ಯಾಗ ಬರೂದು ಹ್ಯಾಂಗ?"

ಆ ಕೋಟೆಯ ಯಜಮಾನ್ತಿ ಬಂದಿದ್ದರು. ನಾವು ಅವರ ಮನೆಯ ಕಂಬ ಕಿತ್ತೊಯ್ಯುವುದಕ್ಕೆ ಅಳತೆ ನೋಡುತ್ತಿದ್ದೆವು. ಅವರಿಗೆ ಅದು ಗೊತ್ತಿರಲಿಲ್ಲ. (ಅವರಿಗೆ ಗೊತ್ತಿಲ್ಲ ಅಂತ ಅಲ್ಲಿಗೆ ಬರುವ ತನಕ ನನಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು.)

ನನ್ನ ಧಂದೆ ನಿಮಗೆ ಗೊತ್ತೇ ಇದೆ. ಹೊಸದಾಗಿ ಓದುವವರಿಗಾಗಿ ಒಂದು ಮಾತು: ಬಾಗಲಕೋಟೆಯಲ್ಲಿ ನನ್ನದೊಂದು ಹಳೆ ಕಟ್ಟಿಗೆಯ ಅಡ್ಡೆ. ಅಣೆಕಟ್ಟಿನ ಹಿನ್ನೀರು ಬಂದ ಮುಳುಗಡೆಯ ಕಾಲದಲ್ಲಿ ಹಳೆ ಊರಿನ ಮಂದಿ ಮನೆ ಬಿಚ್ಚಿಕೊಂಡು ನವನಗರಕ್ಕೆ ಹೊರಟಾಗ, ಅವರು ಬೇಡವೆಂದು ಬಿಟ್ಟ ಚೌಕಟ್ಟು, ಕಿಟಕಿ, ತೊಲೆಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಶುರು ಮಾಡಿದ್ದು. ನಮ್ಮಪ್ಪ ಆಸ್ತಿ ಬಿಟ್ಟು ಹೋಗಲಿಲ್ಲ, ಬಾಯಿ ಬಿಟ್ಟು ಹೋದರು. ಅದೇ ನನ್ನ ಬಂಡವಾಳ. ಆಗ ಜನ ನೀರು ಕಾಯಿಸಲು ಒಲೆಗೆ ಒಡ್ಡುತ್ತಿದ್ದ ಕೆತ್ತನೆಯ ಕಟ್ಟಿಗೆಯನ್ನು ಈಗ ರೆಸಾರ್ಟಿನವರು ಲೈಟು ಬಿಟ್ಟು ನಿಲ್ಲಿಸುತ್ತಾರೆ. ಕಾಲ ತಿರುಗಿತು, ನನ್ನ ಹೊಟ್ಟೆ ತುಂಬಿತು.

ಬಾದಾಮಿ ಕಡೆ ರೆಸಾರ್ಟ್ ಕಟ್ಟಿಸುತ್ತಿರುವ ಒಬ್ಬ ಗಿರಾಕಿ ತಿಂಗಳುಗಟ್ಟಲೆ ನನ್ನ ತಲೆ ತಿನ್ನುತ್ತಿದ್ದ. ಹಳೆಯ ಸಾಗವಾನಿ ಕಂಬ ಬೇಕು. ವಾಡೆಯದ್ದೇ, ಅಂದರೆ ಧಣಿಗಳ ಹಳೆ ಮನೆಯದ್ದೇ ಆಗಬೇಕು. ಅಖಂಡ ಇರಬೇಕು. ಕೊಯ್ದು ಜೋಡಿಸಿದ್ದು ನಡೆಯುವುದಿಲ್ಲ. ಅದೇ ಹೊತ್ತಿಗೆ ದೇಸಾಯರ ಫೋನು ಬಂತು.

"ಕಂಬ ನೋಡಾಕ ಬರ್ರಿ. ಶನಿವಾರ ಮುಂಜಾನೆ ಬರ್ರಿ. ಯಾರ ಮುಂದೂ ಅನಬ್ಯಾಡ್ರಿ."

ಶನಿವಾರ ಮುಂಜಾನೆಯೇ ಯಾಕೆ? ನಾನು ಆಗಲೇ ಕೇಳಬೇಕಿತ್ತು. ವ್ಯಾಪಾರಕ್ಕೆ ಕರೆದವನು ವೇಳೆಯನ್ನೂ ತಾನೇ ಹೇಳಿದರೆ, ಆ ವೇಳೆಯಲ್ಲಿ ಮನೆಯಲ್ಲಿ ಯಾರು ಇರುವುದಿಲ್ಲ ಅಂತ ಮೊದಲು ವಿಚಾರಿಸಿ. ಈ ಬುದ್ಧಿಮಾತಿಗೆ ದುಡ್ಡಿಲ್ಲ, ಇಟ್ಟುಕೊಳ್ಳಿ.

ದೇಸಾಯರು ಅಂದ ಕೂಡಲೇ ಜರಿ ರುಮಾಲು, ಹುರಿಮೀಸೆ, ಕುದುರೆ ಅಂತ ಕಣ್ಣ ಮುಂದೆ ತಂದುಕೊಳ್ಳಬೇಡಿ. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಈಗ ಅವರು ಹೊಲ ಮಾಡಿಸುತ್ತಾರೆ, ಬಿಪಿ ಗುಳಿಗೆ ನುಂಗುತ್ತಾರೆ, ಊರ ಮಂದಿ "ಧಣ್ಯಾರ" ಅಂದಾಗ ಮಾತ್ರ ಬೆನ್ನು ನೆಟ್ಟಗೆ ಮಾಡುತ್ತಾರೆ. ಉಳಿದ ಹೊತ್ತು ನಮ್ಮ ನಿಮ್ಮ ಹಾಗೆಯೇ.

ವಾಡೆ ಇರುವುದು ಹುನಗುಂದದಿಂದ ಕಮತಗಿ ಕಡೆ ಬರುವಾಗ ಒಳಗೆ ತಿರುಗಿದರೆ ಸಿಗುವ ಒಂದು ಹಳ್ಳಿಯ ಗುಡ್ಡದ ನೆತ್ತಿಯಲ್ಲಿ. (ಊರಿನ ಹೆಸರು ಬರೆಯಬೇಡಿ ಅಂದಿದ್ದಾರೆ. ಬರೆದರೆ ಭಾನುವಾರ ಬೈಕುಗಳ ಜಾತ್ರೆ ನೆರೆಯುತ್ತದಂತೆ.) ಕಾರು ಬುಡದಲ್ಲೇ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಪಾವಟಿಗೆ, ಕಲ್ಲಿನ ಮೆಟ್ಟಿಲು. ಒಂದು ಮೆಟ್ಟಿಲು ಗೇಣಿನಷ್ಟು, ಇನ್ನೊಂದು ಮೊಣಕಾಲಿನಷ್ಟು. ಹತ್ತುವವನಿಗೆ ಲಯ ಸಿಗಬಾರದು ಅಂತಲೇ ಹಾಗೆ ಮಾಡಿದ್ದಾರೆ. ಶತ್ರು ಏದುಸಿರು ಬಿಡುತ್ತ ಬರಲಿ ಅಂತ. ಈಗ ಶತ್ರು ಬರುವುದಿಲ್ಲ. ಏದುಸಿರು ಬಿಡುವವರು ಪೋಸ್ಟಿನವರು, ನೆಂಟರು ಮತ್ತು ನನ್ನಂಥ ವ್ಯಾಪಾರಿಗಳು.

ಮೇಲೆ ಹೋಗಿ ನಿಂತರೆ ಮೊದಲು ಕಾಣುವುದು ಕೋಟೆ. ಒಳಗೆ ಹೋದರೆ ಕಾಣುವುದು ಮನೆ. ಎರಡನ್ನೂ ಕಟ್ಟಿದ ಕೈ ಬೇರೆ, ಕಾಲ ಬೇರೆ, ಬುದ್ಧಿಯೂ ಬೇರೆ. ಕಟ್ಟಡದ ಸಾಮಾನು ಕೊಂಡು ಮಾರುವವನಿಗೆ ಇದು ತಕ್ಷಣ ತಿಳಿಯುತ್ತದೆ. ಹೊರಗಿನ ಗೋಡೆಯಲ್ಲಿ ಗುಡ್ಡದ್ದೇ ಕೆಂಪು ಬಂಡೆ, ದೊಡ್ಡ ದೊಡ್ಡ ತುಂಡು. ನಯಮಾಡುವ ಗೋಜಿಗೆ ಹೋಗದೆ ಒಂದರ ಮೇಲೊಂದು ಕೂರಿಸಿದ್ದಾರೆ. ಮೂಲೆಗೊಂದು ಹುಡೇವು, ಅಂದರೆ ಗುಂಡಗಿನ ಬುರುಜು. ಗುಂಡು ಹಾರಿಸುವ ಕಿಂಡಿಗಳು ಹೊರಗೆ ಸಣ್ಣ, ಒಳಗೆ ಅಗಲ. ಅದೆಲ್ಲ ಸಿಪಾಯಿಗಳ ಕಾಲದ್ದು.

ಆಮೇಲೆ ಯಾವಾಗಲೋ ದೇಸಾಯರ ಹಿರಿಯರಿಗೆ ದೇಸಗತಿ (ಸೀಮೆಯ ಕಂದಾಯ ಎತ್ತುವ ಅಧಿಕಾರ) ಸಿಕ್ಕಿತು, ಕೋಟೆ ಕೈಗೆ ಬಂತು, ಸಂಸಾರ ಒಳಗೆ ಬಂತು. ಹೆಂಗಸರು ಮಕ್ಕಳು ಬಂದಮೇಲೆ ಬಂಡೆಗಲ್ಲಿನ ನಡುವೆ ಎಷ್ಟು ದಿನ ಇರುತ್ತಾರೆ? ನಡುವೆ ಅಂಗಳ ಬಿಟ್ಟು ಸುತ್ತಲೂ ಪಡಸಾಲೆ ಎತ್ತಿದರು. ಸುಣ್ಣದ ಗಚ್ಚಿನ ಗಿಲಾವು, ಕಮಾನಿನ ಗೂಡು, ಸಾಗವಾನಿ ಕಂಬ, ಮೇಲೆ ಮಣ್ಣಿನ ಮಾಳಿಗೆ. ಕೋಟೆ ಕಟ್ಟಿದವನು ಹೊರಮೈಗೆ ಖರ್ಚು ಮಾಡುತ್ತಾನೆ, ಮನೆ ಕಟ್ಟಿದವನು ಒಳಮೈಗೆ. ನೀವು ಯಾವ ಹಳೆಯ ಕಟ್ಟಡ ನೋಡಲು ಹೋದರೂ ಖರ್ಚು ಯಾವ ಕಡೆ ಆಗಿದೆ ನೋಡಿ. ಕಟ್ಟಿಸಿದವನ ಎದೆಯಲ್ಲಿ ಏನಿತ್ತು ಅಂತ ಗೊತ್ತಾಗುತ್ತದೆ.

ಈಗಿನ ಬಳಕೆ ಕೇಳಿ. ತೋಪು ಇಟ್ಟಿದ್ದ ಹುಡೇವಿನ ನೆತ್ತಿಯ ಮೇಲೆ ಡಿಶ್ ಆಂಟೆನಾ, ಅದರ ಪಕ್ಕದಲ್ಲಿ ಒಣಗಲು ಹಾಕಿದ ಸಂಡಿಗೆ. ಗುಂಡಿನ ಕಿಂಡಿಗಳಲ್ಲಿ ಕಸಬರಿಗೆ, ಹಳೆ ಚಪ್ಪಲಿ, ಒಂದರಲ್ಲಿ ಗುಬ್ಬಿಯ ಗೂಡು. ಕುದುರೆ ಲಾಯ ಅಡುಗೆಮನೆಯಾಗಿದೆ. ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳಿಗೆ ಸೌಟು, ಜಾಲರಿ ತೂಗುಹಾಕಿದ್ದಾರೆ. ಮದ್ದು ಗುಂಡು ಇಡುತ್ತಿದ್ದ ಕೋಣೆಯಲ್ಲಿ ಉಪ್ಪಿನಕಾಯಿ. (ನಗಬೇಡಿ. ಮದ್ದು ಹಸಿಯಾಗಬಾರದು ಅಂತ ಕಟ್ಟಿದ ಕೋಣೆ, ಉಪ್ಪಿನಕಾಯಿಗೆ ಅದಕ್ಕಿಂತ ಒಳ್ಳೆಯ ಜಾಗ ಈ ಜಿಲ್ಲೆಯಲ್ಲಿ ಇಲ್ಲ.)

ಇನ್ನು ಆ ಕಂಬಗಳು. ಬುಡ ಚೌಕ, ನಡು ಎಂಟು ಮೂಲೆ, ಮೇಲೆ ಬಾಳೆಮೊಗ್ಗು, ತೊಲೆ ಹೊರುವ ಬೋದಿಗೆಯ ಎರಡೂ ಕಡೆ ಗಿಳಿ. ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ಸದ್ದು. ಗೆದ್ದಲು ಮೂಸಿಯೂ ನೋಡಿಲ್ಲ. ಮನಸ್ಸಿನಲ್ಲಿ ಆಗಲೇ ಅವನ್ನು ನನ್ನ ಟ್ರ್ಯಾಕ್ಟರಿಗೆ ಹೇರಿದ್ದೆ. ಬಾಯಲ್ಲಿ ಮಾತ್ರ, "ಹ್ಞೂಂ, ನಡೀತಾವು" ಅಂದೆ. ಬೇಕಾದ ಮಾಲನ್ನು ಹೊಗಳಬಾರದು. ಹೊಗಳಿದಿರೋ, ನಿಮ್ಮ ಜೇಬಿಗೆ ನೀವೇ ಕತ್ತರಿ ಹಾಕಿಕೊಂಡ ಹಾಗೆ.

"ನಡೀತಾವು ಅಂತೀರಲ್ರೀ," ಅಂದರು ದೇಸಾಯರು. ಅವರ ಮುಖ ಸಣ್ಣದಾಗಿತ್ತು. "ನಮ್ಮ ಮುತ್ತಜ್ಜ ಬರೇ ಈ ಕಂಬದ ಎಣ್ಣಿಗೆ ಅಂತ ಒಂದ ಗಾಣ ಇಟ್ಟಿದ್ರಂತ."

"ಹಂಗಾರ ಮಾರೂದ್ಯಾಕ್ರಿ?"

ದೇಸಾಯರು ಸುತ್ತ ನೋಡಿದರು. ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿದರು. "ಆಕಿ ಇಳದ ಹೊಕ್ಕಾಳಂತ್ರಿ."

"ಯಾರು?"

"ನಮ್ಮ ಮನಿಯಾಕಿ. ದೀಪಾವಳಿಯೊಳಗ ಕೆಳಗ ಒಂದ ಮನಿ ಮಾಡ್ರಿ, ಇಲ್ಲಾಂದ್ರ ನಾನ ಸಾಲಿ ಹತ್ರ ಬಾಡಗಿ ಮನಿ ಹಿಡೀತೇನಿ ಅಂದಾಳ. ಮೊದಲ ಒಬ್ಬ ಸಿಲಿಂಡರ್ ಹೊತ್ತು ತರ್ತಿದ್ದ. ಸೊಂಟ ಹಿಡೀತಂತ ಬಿಟ್ಟ. ಆವಾಗಿಂದ ಅರ್ಧ ಅಡಿಗಿ ಕಟಗಿ ಒಲಿ ಮ್ಯಾಲೆ. ಸಾಲಿಂದ ಬರೂವಾಗ ಹಿಟ್ಟು, ಕಾಯಿಪಲ್ಲೆ ಎಲ್ಲಾ ಆಕೀನ ಹೊತ್ಕೊಂಡ ಹತ್ತೂದು. ನನಗ ಬಿಪಿ, ಹತ್ತಿ ಇಳಿಯೂದು ಆಗೂದಿಲ್ಲ."

ಕಂಬ ಮಾರಿದರೆ ಕೆಳಗೆ ರಸ್ತೆಯ ಪಕ್ಕ ಮನೆಯಾಗುತ್ತದೆ. ಕಂಬ ಹೋದರೆ ತೊಲೆ ನಿಲ್ಲುವುದಿಲ್ಲ, ತೊಲೆ ಹೋದರೆ ಮಾಳಿಗೆ ನಿಲ್ಲುವುದಿಲ್ಲ, ವಾಡೆ ಅಲ್ಲಿಗೆ ಮುಗಿಯಿತು. ಕಂಬ ಉಳಿಸಿಕೊಂಡರೆ ಹೆಂಡತಿ ಇಳಿದು ಹೋಗುತ್ತಾರೆ. ದೇಸಾಯರ ಪರಿಸ್ಥಿತಿ ಇಷ್ಟು. ಜಗಳ ಮಾಡುವ ಮನುಷ್ಯ ಅಲ್ಲ, ಮಾತಾಡುವ ಮನುಷ್ಯನೂ ಅಲ್ಲ. ಹೆಂಡತಿ ಶಾಲೆಗೆ ಹೋದಾಗ ನನ್ನನ್ನು ಕರೆಸಿದ್ದರು.

ನಾನು ಮನಸ್ಸಿನಲ್ಲಿ ಅಯ್ಯೋ ಅಂದೆ, ಕೈಯಲ್ಲಿ ಟೇಪು ಬಿಚ್ಚಿದೆ. ಧಂದೆ ಅಂದರೆ ಹಾಗೇ.

ಆದರೆ ಕಂಬ ಹೊರಗೆ ಹೋಗುವುದು ಹೇಗೆ? ಬಾಗಿಲು ಸಣ್ಣದು, ದಾಟಿದ ಕೂಡಲೇ ತಿರುವು. ಕೋಟೆಗಳಲ್ಲಿ ಹೀಗೆ ತಿರುವು ಇಡುವುದು ಒಳಗೆ ನುಗ್ಗಿದವನು ಜೋರಾಗಿ ಓಡಿ ಬರಬಾರದು ಅಂತ. ಒಳಗಿನ ಸಾಮಾನು ಹೊರಗೆ ಹೋಗಬಾರದು ಅಂತ ಅಲ್ಲ. ಆದರೆ ಗೋಡೆಗೆ ಅದೆಲ್ಲ ಏನು ಗೊತ್ತು? ಕಂಬದಷ್ಟೇ ಉದ್ದದ ಗಳ ತರಿಸಿ, ಆಡಿಸಿ ನೋಡೋಣ ಅಂದೆ. ಮುಂದಿನದು ನಿಮಗೆ ಗೊತ್ತೇ ಇದೆ.

ದೇಸಾಯರ ಹೆಂಡತಿ, ನಾನು ವೈನಿ (ಅತ್ತಿಗೆ) ಅನ್ನುವವರು, ಸೆರಗು ಸೊಂಟಕ್ಕೆ ಸಿಗಿಸಿ, ಕಂಕುಳಲ್ಲಿ ಹಿಟ್ಟಿನ ಡಬ್ಬಿ ಅವಚಿಕೊಂಡು, ಗಳದ ಕೆಳಗೆ ಬಗ್ಗಿ ಒಳಗೆ ಬಂದರು. ನನ್ನನ್ನು ನೋಡಿದರು. ಟೇಪು ನೋಡಿದರು. ಪಡಸಾಲೆಯಲ್ಲಿ ಕಂಬಕ್ಕೆ ಆತುಕೊಂಡು ನಿಂತಿದ್ದ ಗಂಡನನ್ನು ನೋಡಿದರು. ಶಾಲೆ ಕಲಿಸುವವರಿಗೆ ಯಾವ ಹುಡುಗ ಏನು ಮಾಡಿದ್ದಾನೆ ಅಂತ ಹೇಳಿಕೊಡಬೇಕೇ?

"ಓಹೋ," ಅಂದರು. "ಕಟಗಿ ಅಡ್ಡಾದವ್ರು ಬಂದಾರು. ಚಾ ಕೊಟ್ರೇನ್ರಿ ಅವ್ರಿಗೆ? ಇಲ್ಲಾ ಕಂಬಾನ ಕೊಟ್ಟಬಿಟ್ರ್ಯೋ?"

ದೇಸಾಯರು ಕೆಮ್ಮಿದರು. "ನೀನ ಅಂದೆಲ್ಲಾ, ಕೆಳಗ ಮನಿ ಬೇಕು ಅಂತ."

"ಮನಿ ಬೇಕು ಅಂದೆ. ಈ ಮನಿ ಕೆಡವ್ರಿ ಅಂದ್ನೇನು?"

"ರೊಕ್ಕ ಮತ್ತ ಎಲ್ಲಿಂದ ಬರಬೇಕ?"

ವೈನಿ ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. ಒಳಗೆ ಹೋಗಿ ಚಹಾ ಇಟ್ಟರು. ಕಟ್ಟಿಗೆ ಒಲೆಯ ಹೊಗೆ ಕುದುರೆ ಲಾಯದ ಕಿಂಡಿಯಿಂದ ಅಂಗಳಕ್ಕೆ ಬಂತು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಖರೆ ಹೇಳಬೇಕಂದ್ರ ವೈನಿ, ಇಂಥಾ ವಾಡೇ ಈಗ ಎಲ್ಲೂ ಉಳದಿಲ್ಲ. ಮಾರಬಾರದು..." ಅಂದೆ. ಕೊಳ್ಳಲು ಬಂದವನೇ ಹೀಗೆ ಅಂದದ್ದು ಕೇಳಿ ಮೌಲಾಸಾಬ ತಲೆ ಚಚ್ಚಿಕೊಂಡ.

ವೈನಿ ಕಪ್ಪು ನನ್ನ ಮುಂದೆ ಇಟ್ಟರು. ಸದ್ದು ಜೋರಾಗಿಯೇ ಬಂತು. "ಎಲ್ಲಾರೂ ಹಿಂಗ ಅಂತಾರ್ರಿ. ಐತವಾರಕ್ಕೊಮ್ಮೆ ಕ್ಯಾಮರಾ ಹಿಡಕೊಂಡ ಬರ್ತಾರ. ಲಗ್ನ ಆಗೂ ಹುಡುಗ ಹುಡುಗಿ ನಮ್ಮ ಹುಡೇವಿನ ಮ್ಯಾಲೆ ನಿಂತು ಕೈ ಕೈ ಹಿಡೀತಾರ. ಮಾರಬ್ಯಾಡ್ರಿ, ಕೆಡವಬ್ಯಾಡ್ರಿ, ಇದು ನಮ್ಮ ಇತಿಹಾಸ ಅಂತಾರ. ಆತಪಾ, ನಿಮ್ಮ ಇತಿಹಾಸಕ್ಕ ಒಂದ ಸಿಲಿಂಡರ್ ಹೊತ್ಕೊಂಡ ಬಂದೀರೇನು? ಬರೂವಾಗ ನೀರಿನ ಬಾಟ್ಲಿನೂ ನಮ್ಮನ್ನ ಕೇಳ್ತಾರ."

ನಾನೂ ಟೇಪು ಬಿಟ್ಟರೆ ಏನೂ ಹೊತ್ತು ತಂದಿರಲಿಲ್ಲ. ಚಹಾ ಕುಡಿದೆ. ಚಲೋ ಇತ್ತು, ಸ್ವಲ್ಪ ಹೊಗೆಯ ವಾಸನೆ.

ಚಹಾ ಮುಗಿದ ಮೇಲೆ ಕೋಟೆಗೋಡೆಗೆ ಒಂದು ಸುತ್ತು ಹಾಕಿದೆ. ಎಲ್ಲಾದರೂ ಗೋಡೆ ತಗ್ಗಾಗಿದ್ದರೆ ಹಗ್ಗ ಕಟ್ಟಿ ಕಂಬ ಇಳಿಸಬಹುದೇ ಅಂತ. (ಬುದ್ಧಿ ಹೇಳಿದ ಬಾಯಿ ಬೇರೆ, ವ್ಯಾಪಾರ ಮಾಡುವ ಕಣ್ಣು ಬೇರೆ. ಒಂದರ ಸುದ್ದಿಗೆ ಇನ್ನೊಂದು ಹೋಗುವುದಿಲ್ಲ.) ಹಿಂದಿನ ಮಗ್ಗುಲಲ್ಲಿ, ಹಸಿಮೆಣಸಿನಕಾಯಿ, ಕರಿಬೇವು ಹಚ್ಚಿದ ಸಣ್ಣ ಕೈತೋಟದ ಆಚೆ, ಗೋಡೆಯ ಮೇಲೆ ಅರಿಷಿಣ ಕುಂಕುಮ. ಹತ್ತಿರ ಹೋದೆ. ಗೋಡೆ ತುಂಬ ಅಂಗೈ ಗುರುತು. ಹಳೆಯವು ಮಾಸಿ ಕಂದಾಗಿದ್ದವು. ಕೆಳಗೆ ಒಂದು ಗೂಡು, ಅದರಲ್ಲಿ ಆರಿದ ಹಣತೆ.

ಕುಂಕುಮ ನೋಡಿದವರು ಕೈಮುಗಿಯುತ್ತಾರೆ. ನಾನೂ ಮುಗಿದೆ. ಆಮೇಲೆ ಕಲ್ಲು ನೋಡಿದೆ.

ಅಕ್ಕಪಕ್ಕದ ಗೋಡೆಯಲ್ಲಿ ದೊಡ್ಡ ಬಂಡೆ. ಇಲ್ಲಿ ಮಾತ್ರ ಸಣ್ಣ ಕಲ್ಲು, ಅದೂ ಗಚ್ಚು ಹಾಕಿ ಕಟ್ಟಿದ್ದು. ಎರಡು ಕಡೆ ನೆಟ್ಟಗೆ ಸಂದು. ಮೇಲೆ ಕತ್ತೆತ್ತಿದರೆ, ಮಣ್ಣು ಹಿಡಿದ ಬಳ್ಳಿಯ ಹಿಂದೆ, ಕಮಾನಿನ ಕಲ್ಲುಗಳು ಒಂದಕ್ಕೊಂದು ತೆಕ್ಕೆ ಬಿದ್ದು ಕೂತಿವೆ. ಒಂದೂ ಅಲುಗಿಲ್ಲ. ಆನೆ ಹಾಯುವಷ್ಟು ದೊಡ್ಡ ಕಮಾನು.

ಅದು ಗೋಡೆ ಅಲ್ಲ. ಮುಚ್ಚಿದ ಅಗಸಿ, ಅಂದರೆ ಕೋಟೆಯ ಹೆಬ್ಬಾಗಿಲು.

ಹುಡೇವು ಹತ್ತಿ ಆಚೆ ಇಣುಕಿದೆ. ಜಾಲಿಕಂಟಿಯ ನಡುವೆ ಗುಡ್ಡದ ಬೆನ್ನಿನ ಮೇಲೆ ಇಳಿಜಾರು, ಗಾಡಿ ಅಗಲ. ಆಡುಗಳು ಅದರ ಮೇಲೆ ಆರಾಮಾಗಿ ಹತ್ತಿ ಬರುತ್ತಿದ್ದವು. ಕಂಟಿ ಇಲ್ಲದ ಕಡೆ ಕೆಳಗೆ ಕಲ್ಲು ಹಾಸಿದ್ದು ಕಾಣುತ್ತಿತ್ತು. ತೋಪಿನ ಗಾಡಿ ಎಳೆದ ದಾರಿ ಇರಬೇಕು. ಕಂಬ ಬಂದದ್ದೂ ಇಲ್ಲಿಂದಲೇ. ಆ ಸಣ್ಣ ಬಾಗಿಲಿನಿಂದ ಒಂದು ಗಳ ಬರುವುದಿಲ್ಲ, ಕಂಬ ಹೇಗೆ ಬಂದೀತು?

ಹಾಗಾದರೆ ಮುಚ್ಚಿದ್ದು ಯಾರು? ಸಿಪಾಯಿಗಳಲ್ಲ. ಅವರ ಹತ್ತಿರ ಗಚ್ಚು ಇರಲಿಲ್ಲ, ದೇಸಾಯರ ಮನೆಯವರ ಹತ್ತಿರ ಇತ್ತು. ಕಂಬ ಒಳಗೆ ಬಂದ ಮೇಲೆ, ಮನೆ ಎದ್ದ ಮೇಲೆ, ಬಂಗಾರ, ಬೆಳ್ಳಿ, ಹೆಣ್ಣುಮಕ್ಕಳು ಒಳಗೆ ಸೇರಿದ ಮೇಲೆ ಭಯ ಶುರುವಾಗಿರಬೇಕು. ದೊಡ್ಡ ಬಾಗಿಲು ಕಾಯಲು ದೊಡ್ಡ ಪಹರೆ ಬೇಕು. ಪಹರೆಗಿಂತ ಕಲ್ಲು ಸೋವಿ. ಕಟ್ಟಿಬಿಟ್ಟರು. ಯುದ್ಧ ಮಾಡುವವರು ಇದ್ದಾಗ ದೊಡ್ಡ ಬಾಗಿಲು, ಸಂಸಾರ ಮಾಡುವವರು ಬಂದಮೇಲೆ ಸಣ್ಣ ಬಾಗಿಲು! ಇದು ನನ್ನ ಅಂದಾಜು. ಇತಿಹಾಸದ ಮೇಷ್ಟ್ರು ಬೇರೆ ಹೇಳಿದರೆ ಜಗಳ ಇಲ್ಲ. ಕಲ್ಲು ಮಾತ್ರ ನನ್ನ ಕಡೆ.

ಓಡಿ ಬಂದು ಹೇಳಿದೆ. "ದೇಸಾಯರ, ನಿಮ್ಮ ಕಂಬ ಹೊರಗ ಹೋಗೂ ದಾರಿ ಸಿಕ್ತು! ಆ ಕುಂಕುಮದ ಗ್ವಾಡಿ ಬಿಚ್ಚಿದ್ರ ನನ್ನ ಟ್ರ್ಯಾಕ್ಟರ್ ಸೀದಾ ಅಂಗಳಕ್ಕ ಬರ್ತದ."

ದೇಸಾಯರು ಗಲ್ಲ ಬಡಿದುಕೊಂಡರು. "ಏನ ಮಾತಾಡ್ತೀರಿ! ಅದು ಅವ್ವನ ಗ್ವಾಡ್ರಿ. ಅದಕ್ಕ ಕೈ ಹಚ್ಚಿದ್ರ ಮನಿತನ ಉಳಿಯೂದಿಲ್ಲ."

ಆಗ ಗೊತ್ತಾಯಿತು, ಅವ್ವ ಅಂದರೆ ಆ ಗೋಡೆಯಲ್ಲಿರುವ ದೇವಿ. ಆ ಮನೆಯಲ್ಲಿ ಹೊಸದಾಗಿ ಬಂದ ಸೊಸೆ ದೇವರಮನೆಗೂ ಮೊದಲು ಆ ಗೋಡೆಯ ಮುಂದೆ ನಿಲ್ಲಬೇಕು. ಅರಿಷಿಣದ ಅಂಗೈ ಒತ್ತಿ, "ಅವ್ವಾ, ನನ್ನ ಒಳಗ ಇಟಗೋ" ಅನ್ನಬೇಕು. ಅಮಾವಾಸ್ಯೆಗೊಮ್ಮೆ ಹೋಳಿಗೆಯ ಎಡೆ. ಆ ಅಂಗೈಗಳೆಲ್ಲ ಈ ಮನೆಯ ಸೊಸೆಯಂದಿರವು. ಮೇಲಿನ ಕಮಾನು ಯಾರೂ ನೋಡಿರಲಿಲ್ಲ. ಕೈಮುಗಿಯುವವನು ತಲೆ ಬಗ್ಗಿಸುತ್ತಾನೆ, ಎತ್ತುವುದಿಲ್ಲ.

ಕಂಬ ಮಾರಲು ಸಿದ್ಧರಾದ ಮನುಷ್ಯ, ಗೋಡೆ ಬಿಚ್ಚುವುದಕ್ಕೆ ನಡುಗುತ್ತಿದ್ದರು. ನಾನು ಹೇಳಬಾರದ್ದು ಹೇಳಿದೆನೇನೋ ಅಂತ ಟೇಪು ಸುತ್ತತೊಡಗಿದೆ.

ವೈನಿ ಕಪ್ಪುಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು. ಕೈ ನಿಲ್ಲಿಸಿದರು. "ಇನ್ನೊಮ್ಮೆ ಹೇಳ್ರಿ. ಆ ಗ್ವಾಡಿ ಬಿಚ್ಚಿದ್ರ ನಿಮ್ಮ ಟ್ರ್ಯಾಕ್ಟರ್ ಎಲ್ಲೀಮಟ ಬರ್ತದ?"

"ಇಲ್ಲೇ, ಅಂಗಳಕ್ಕ."

"ಕಂಬ ಹೇರಿಕೊಂಡು ಹೋಗಾಕ ಟ್ರ್ಯಾಕ್ಟರ್ ಬರ್ತದ ಅಂದ್ರ, ಸಿಲಿಂಡರ್ ತರೂ ಗಾಡಿ ಯಾಕ ಬರೂದಿಲ್ಲ?"

ಆ ಒಂದು ಪ್ರಶ್ನೆಯಲ್ಲಿ ನನ್ನ ವ್ಯಾಪಾರ ಮುಗಿದಿತ್ತು.

ಮೌಲಾಸಾಬ ಮೆತ್ತಗೆ ಅಂದ, "ಸಾವ್ಕಾರ್ರ, ಆ ಅಗಸಿ ಬಿಚ್ಚಿದ ಕಲ್ಲ ನಾಕ ನಮಗ ಕೊಡಸ್ರಿ. ನಿಮ್ಮ ಬಾಯಿಗೆ ಒಂದ ಗ್ವಾಡಿ ಕಟ್ತೇನಿ."

ದೇಸಾಯರು ಮಾತ್ರ ಒಪ್ಪಲಿಲ್ಲ. ಹಿರಿಯರು ಅಂದರು, ಅವ್ವ ಅಂದರು, ಮಗಳ ಲಗ್ನ ಇನ್ನೂ ಆಗಿಲ್ಲ ಅಂದರು. ಅವರದು ಸುಳ್ಳು ಭಯವಲ್ಲ, ನಿಜವಾದ ಭಯ. ಅದನ್ನು ನಾನು ಹಗುರ ಮಾಡುವುದಿಲ್ಲ. ನಾನೂ ಹೊಸ ಮಾಲು ಬಂದರೆ ನಿಂಬೆಹಣ್ಣು ಒಡೆಯುವವನೇ.

ವೈನಿ ಸಾವಕಾಶ ಕೇಳಿದರು. ಆಮೇಲೆ ಅಂದರು, "ಈ ಮನಿಗೆ ಬಂದಾಗಿಂದ ಆ ಗ್ವಾಡಿಗೆ ಕುಂಕುಮ ಹಚ್ಚಿದಾಕಿ ನಾನು. ಎಡಿ ಹಿಡದಾಕಿ ನಾನು. ನೀವು ಒಂದ ಅಮಾಸಿಗರ ಅಲ್ಲಿ ನಿಂತೀರೇನು? ಅವ್ವನ ಜೋಡಿ ನಾ ಮಾತಾಡ್ತೇನಿ. ನೀವು ಗಾಡಿಯವನ ಜೋಡಿ ಮಾತಾಡ್ರಿ."

"ಏನಾರ ಹೆಚ್ಚುಕಡಿಮಿ ಆದ್ರ?"

"ಆದ್ರ? ಕಂಬ ಕಿತ್ತಿ ಮಾಳಗಿ ಬೀಳಿಸಿದ್ರ ಮನಿತನ ಉಳೀತದ, ಬಾಗಲಾ ತಗದ್ರ ಹೋಗ್ತದೇನು? ಹೇಳ್ರಿ. ಕೇಳಾಕತ್ತೇನಿ."

ದೇಸಾಯರು ಎದ್ದು ಹಿಂದಿನ ತೋಟಕ್ಕೆ ಹೋದರು. ಆ ಗೋಡೆಯ ಮುಂದೆ ನಿಂತು ಮೊದಲ ಸಲ ತಲೆ ಎತ್ತಿ ನೋಡಿದರು. ವಾಪಸ್ ಬಂದಾಗ ಇಷ್ಟೇ ಅಂದರು: "ಕಮಾನ ಖರೇನ ಐತಿ."

ಇಲ್ಲಿ ಒಂದು ಉಪಯೋಗದ ಮಾತು. ಇಂಥ ಗೋಡೆ ನಿಮ್ಮ ಮನೆಯಲ್ಲೂ ಇದ್ದರೆ, ಹುಮ್ಮಸ್ಸಿನಲ್ಲಿ ಹಾರೆ ಹಿಡಿಯಬೇಡಿ. ಮೊದಲು ಅದು ಸರಕಾರ ಕಾಪಾಡುವ ಸ್ಮಾರಕಗಳ ಪೈಕಿಯೋ ಅಂತ ವಿಚಾರಿಸಿ. (ಇದು ಅಲ್ಲ, ಖಾಸಗಿ ಆಸ್ತಿ. ಹೋಗಿ ಕೇಳಿ ಖಾತ್ರಿ ಮಾಡಿಕೊಂಡೆವು.) ಆಮೇಲೆ ಕಲ್ಲಿನ ಕೆಲಸ ಬಲ್ಲ ಇಂಜಿನಿಯರಿಗೆ ತೋರಿಸಿ. ತುಂಬಿದ ಕಲ್ಲು ಬರೀ ತುಂಬಿದ್ದೋ, ಮೇಲಿನ ಭಾರ ಹೊತ್ತಿದೆಯೋ ಅಂತ ಅವರು ಹೇಳಬೇಕು. ಇಲ್ಲಿ ಕಮಾನು ತನ್ನ ಭಾರ ತಾನೇ ಹೊತ್ತಿತ್ತು. ಆದರೂ ಕೆಳಗೆ ಆಸರೆ ಕೊಟ್ಟು, ಮೇಲಿನಿಂದ ಒಂದೊಂದೇ ಕಲ್ಲು ಬಿಡಿಸುವುದು ಅಂತಾಯಿತು. ಬುಡದಿಂದ ಎಳೆದರೆ ತಲೆಯ ಮೇಲೆ ಬರುತ್ತದೆ.

ಯುಗಾದಿ ಆದ ಮೇಲೆ ಒಂದು ಒಳ್ಳೆಯ ದಿನ ನೋಡಿ ಶುರು ಮಾಡಿದೆವು. ವೈನಿ ಮುಂಜಾನೆಯೇ ಹೋಳಿಗೆ ಮಾಡಿ ಎಡೆ ಹಿಡಿದರು. ಗೋಡೆಗೆ ಹಣೆ ಹಚ್ಚಿ ಏನೋ ಹೇಳಿದರು, ನಮಗೆ ಕೇಳಿಸಲಿಲ್ಲ. ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿದ್ದ ನಡುವಿನ ಕಲ್ಲಿನ ಸರದಿ ಬಂದಾಗ ಮೌಲಾಸಾಬ ಕೈ ಹಿಂದೆಗೆದ. "ಇದನ್ನ ನೀವ ತಗೀರಿ ಅಮ್ಮಾರ." ಅವರೇ ತೆಗೆದರು. ಅಂಗೈ ಗುರುತಿದ್ದ ಕಲ್ಲುಗಳನ್ನು ಅಗಸಿಯ ಒಳಮಗ್ಗುಲಿಗೆ ಕಟ್ಟೆಯ ಹಾಗೆ ಜೋಡಿಸಿ, ಆ ಕುಂಕುಮದ ಕಲ್ಲನ್ನೇ ಅವ್ವ ಅಂತ ಅದರ ಮೇಲೆ ಕೂರಿಸಿದರು. ಜಾಗ ಬದಲಾಯಿತು, ಪೂಜೆ ಬದಲಾಗಲಿಲ್ಲ.

ಒಳಗೆ ಏನು ಸಿಕ್ಕಿತು ಅಂತೀರಾ? ಮಣ್ಣು, ಒಡೆದ ಗಡಿಗೆ, ತುಕ್ಕು ಹಿಡಿದ ಕಬ್ಬಿಣದ ಮೊಳೆ. ಊರಿನಲ್ಲಿ ಮಾತ್ರ ನಿಧಿ ಸಿಕ್ಕಿದೆ ಅಂತ ಸುದ್ದಿ. ನಾನು ಅಲ್ಲಿಗೆ ಹೋಗಿ ಬಂದು ಮಾಡುವುದು ನೋಡಿ ನನಗೂ ಪಾಲಿದೆಯಂತೆ!

ಪಾಲು ಇತ್ತು. ಉಳಿದ ಗಚ್ಚುಗಲ್ಲು ನಾನೇ ಕೊಂಡೆ. ಇಳಕಲ್ಲಿನ ಗಿರಾಕಿಯೊಬ್ಬರು ಕಾಂಪೌಂಡಿಗೆ ಹಳೆಯ ಕಲ್ಲು ಕೇಳಿದ್ದರು. "ಹ್ಞೂಂ, ನಡೀತಾವು" ಅಂತ ನಾನು ಎಂದಿನಂತೆ ಶುರು ಮಾಡಿದೆ. ವೈನಿ ನಕ್ಕರು. "ಬ್ಯಾಡಾದ ಕಲ್ಲಿಗೆ ಟ್ರ್ಯಾಕ್ಟರ್ ತಗೊಂಡ ಬಂದೀರೇನ್ರಿ?" ನಾನು ಅವತ್ತು ಕೊಟ್ಟ ರೇಟು ಯಾರಿಗೂ ಹೇಳಿಲ್ಲ. ಇಲ್ಲೂ ಬರೆಯುವುದಿಲ್ಲ, ನನಗೂ ಮಾರ್ಕೆಟ್ಟಿನಲ್ಲಿ ಒಂದು ಹೆಸರಿದೆ. ಆ ದುಡ್ಡಿನಲ್ಲೇ ಉಳಿದ ಜಾಲಿ ಕಡಿಸಿ, ದಾರಿಯ ತಗ್ಗು ತುಂಬಿಸಿದರು. ಬಾದಾಮಿಯ ಗಿರಾಕಿ ಇನ್ನೂ ಫೋನು ಮಾಡುತ್ತಾನೆ. ಎತ್ತುವುದಿಲ್ಲ.

ಕಳೆದ ವಾರ ಆ ದಾರಿಯಲ್ಲಿ ಮೊದಲ ಸಿಲಿಂಡರ್ ಗಾಡಿ ಹತ್ತಿತು. ನೋಡಲು ನನ್ನನ್ನೂ ಕರೆದಿದ್ದರು. ಮೂರು ಗಾಲಿಯ ಗಾಡಿ ಬುಸುಗುಟ್ಟುತ್ತ ಕಮಾನಿನ ಕೆಳಗೆ ಹಾಯ್ದು ಅಂಗಳದಲ್ಲಿ ನಿಂತಿತು. ಅಷ್ಟು ವರ್ಷ ಕತ್ತಲಾಗಿದ್ದ ಪಡಸಾಲೆಯ ಕೊನೆಯ ಕಂಬದ ತನಕ ಬಿಸಿಲು ಬಿದ್ದಿತ್ತು. ಗಾಡಿಯವನು ಕೇಳಿದ, "ಎಲ್ಲಿ ಇಡಲ್ರೀ ಬಾಯಾರ?" ವೈನಿ ಬೆರಳು ಮಾಡಿ ತೋರಿಸಿದರು. ಸಿಲಿಂಡರ್ ಒಳಗೆ ಹೋಗುವ ತನಕ ಕಣ್ಣು ಕೀಳಲಿಲ್ಲ.

ದೇಸಾಯರು ಆ ಊರಿನ ಧಣಿ ಅಂತ ಅವತ್ತು ನಿಜವಾಗಿ ಕಂಡರು. ಎದೆ ಉಬ್ಬಿಸಿ ಅಗಸಿಯಲ್ಲಿ ನಿಂತು, "ಇನ್ನೇನು, ಕೆಳಗಿನ ಮನಿ ಮಾತು ಮುಗದಂಗ ಆತು," ಅಂದರು.

"ಯಾರ ಅಂದ್ರು?" ವೈನಿ ಒಳಗಿನಿಂದಲೇ ಕೇಳಿದರು. "ಮೊದಲ ಇಳಿಯಾಕ ಮೊಣಕಾಲ ಬ್ಯಾಡ ಅಂತಿದ್ವು. ಈಗ ಹಾಸಗಿ ಭಾಂಡೆ ಎಲ್ಲಾ ಗಾಡ್ಯಾಗ ಹೇರಿಕೊಂಡ ಆರಾಮ ಇಳೀಬಹುದು."

ದೇಸಾಯರು ನನ್ನ ಮುಖ ನೋಡಿದರು. ನಾನು ಕಂಬದ ಮುಖ ನೋಡಿದೆ. (ಅಭ್ಯಾಸ.) ವೈನಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು. ನಗುತ್ತಿದ್ದರು, ಆದರೆ ಪೂರಾ ನಗುವಲ್ಲ. "ಒಂದ ಮಳಿಗಾಲ ನೋಡ್ತೇನಿ. ಮಾಳಗಿ ಸೋರಬಾರದು. ಸಂತಿ ನೀವ ಮಾಡಬೇಕು, ಈಗ ಬಿಪಿ ನೆವ ನಡೆಯೂದಿಲ್ಲ, ಗಾಡ್ಯಾಗ ಕುಂತ ಬರ್ರಿ. ಆಮ್ಯಾಲೆ ಹೇಳ್ತೇನಿ, ಇರ್ತೇನೋ ಇಳೀತೇನೋ ಅಂತ."

ಮರುದಿನವೇ ದೇಸಾಯರು ಮಾಳಿಗೆಗೆ ಮಣ್ಣು ಹೊರಿಸಲು ಆಳು ಹುಡುಕುತ್ತಿದ್ದರಂತೆ. ಕೋಟೆಯನ್ನು ಆಳುವುದು ಸುಲಭ, ಅದರೊಳಗೆ ಒಬ್ಬರು ಮನಸ್ಸಿನಿಂದ ಇರುವ ಹಾಗೆ ಮಾಡುವುದು ಎಷ್ಟು ಕೆಲಸ ನೋಡಿ.

ಒಳಗೆ ಬರುವುದಕ್ಕೆಂದು ತೆರೆದ ಅಗಸಿಯಲ್ಲಿ ಹೊರಗೆ ಹೋಗುವುದಕ್ಕೂ ಬರುತ್ತದೆ ಅಂತ ಧಣ್ಯಾರಿಗೆ ಈಗ ಗೊತ್ತಾಗಿದೆ, ನಿಮ್ಮ ಮನೆಯ ಯಜಮಾನರಿಗೆ ಗೊತ್ತಿದೆಯೇ?